ಜನ ಹುಡುಕುವ ಪದ ಯಾವುದು? ದುಡ್ಡು ಕೊಟ್ಟು ತಿಳಿದುಕೊಂಡವರ ಕಥೆ

ನಿಮ್ಮ ಹೊಲದ ಕಾಗದಕ್ಕೆ ನೀವು ಏನನ್ನುತ್ತೀರಿ? ಮಂಡ್ಯ, ತುಮಕೂರು ಕಡೆ ಪಹಣಿ. ಧಾರವಾಡ, ಬೆಳಗಾವಿ ಕಡೆ ಹಳಬರ ಬಾಯಲ್ಲಿ ಉತಾರ. ನಾಡಕಚೇರಿಯ ಕೌಂಟರಿನಲ್ಲಿ ಆರ್‌ಟಿಸಿ. ಕಾಗದ ಒಂದೇ, ಹೆಸರು ಮೂರು.

ಬೆಳೆಗಳ ಹೆಸರೂ ಹೀಗೇ. ಮೈಸೂರು ಸೀಮೆಯ ಮುಸುಕಿನ ಜೋಳವೇ ಹಾವೇರಿಯ ಗೋವಿನಜೋಳ, ಪತ್ರಿಕೆಗಳ ಮೆಕ್ಕೆಜೋಳ. ದಕ್ಷಿಣದ ಕಡಲೆಕಾಯಿ ಉತ್ತರಕ್ಕೆ ಹೋದರೆ ಶೇಂಗಾ.

ಮಾತಾಡುವಾಗ ಇದರಿಂದ ತೊಂದರೆಯಿಲ್ಲ. ಎದುರಿಗೆ ಕೂತವರು ಅರ್ಥ ಮಾಡಿಕೊಳ್ಳುತ್ತಾರೆ, ಆಗದಿದ್ದರೆ ಕೇಳುತ್ತಾರೆ. ಬರೆದು ಇಂಟರ್ನೆಟ್‌ಗೆ ಹಾಕುವಾಗ ಕಥೆ ಬೇರೆ. ಓದುವವರು ಮೊಬೈಲ್‌ನಲ್ಲಿ ಯಾವ ಪದ ಹೊಡೆದು ಹುಡುಕುತ್ತಾರೋ ಆ ಪದ ನಮ್ಮ ಬರಹದಲ್ಲಿ ಇರಬೇಕು. ಈಗ ಗೂಗಲ್ ಒಂದೇ ಅರ್ಥದ ಪದಗಳನ್ನು ಅಷ್ಟಿಷ್ಟು ಗುರುತು ಹಿಡಿಯುತ್ತದೆ, ನಿಜ. ಆದರೂ ತಲೆಬರಹದಲ್ಲಿ ತಾನು ಹೊಡೆದ ಪದವೇ ಕಂಡರೆ ಮನುಷ್ಯ ಅದನ್ನೇ ಒತ್ತುತ್ತಾನೆ.

ಜನ ಯಾವ ಪದದಲ್ಲಿ ಹುಡುಕುತ್ತಾರೆ ಎಂದು ಪತ್ತೆ ಮಾಡುವ ಕೆಲಸಕ್ಕೆ ಈ ಕಸುಬಿನವರು ಕೀವರ್ಡ್ ರಿಸರ್ಚ್ ಅನ್ನುತ್ತಾರೆ. ಗೂಗಲ್‌ನಲ್ಲಿ ಹುಡುಕಿದಾಗ ಬರುವ ಪಟ್ಟಿಯಲ್ಲಿ ಎರಡು ಬಗೆ ಇರುತ್ತದೆ. ಪ್ರಾಯೋಜಿತ ಎಂಬ ಗುರುತಿನೊಂದಿಗೆ ಬರುವುದು ಜಾಹೀರಾತು, ಅದಕ್ಕೆ ಯಾರೋ ದುಡ್ಡು ಕೊಟ್ಟಿರುತ್ತಾರೆ. ಉಳಿದವು ದುಡ್ಡಿಲ್ಲದೆ ಬಂದವು. ಅವಕ್ಕೆ ಆರ್ಗ್ಯಾನಿಕ್ ಫಲಿತಾಂಶ ಎಂದು ಹೆಸರು. ಇದಕ್ಕೂ ಸಾವಯವ ಗೊಬ್ಬರಕ್ಕೂ ಸಂಬಂಧವಿಲ್ಲ.

ದುಡ್ಡಿಲ್ಲದ ಪಟ್ಟಿಯಲ್ಲಿ ಮೇಲೆ ಬರಲು ತಿಂಗಳುಗಟ್ಟಲೆ ಬೇಕು. ಜಾಹೀರಾತು ಮಾತ್ರ ಹಾಕಿದ ದಿನವೇ ಕಾಣಬಹುದು. ಹಾಗಾಗಿ ಬುದ್ಧಿವಂತರು ಒಂದು ದಾರಿ ಕಂಡುಕೊಂಡರು. ಮೊದಲು ನಾಲ್ಕು ದಿನ ಸ್ವಲ್ಪ ದುಡ್ಡು ಹಾಕಿ ಹಲವು ಪದಗಳ ಮೇಲೆ ಜಾಹೀರಾತು ಕೊಡುವುದು. ಯಾವ ಪದಕ್ಕೆ ಜನ ಬಂದರು, ಬಂದವರಲ್ಲಿ ಯಾರು ಕೊಂಡರು ಎಂದು ನೋಡುವುದು. ಆಮೇಲೆ ಜಾಹೀರಾತು ನಿಲ್ಲಿಸಿ, ಗೆದ್ದ ಪದಗಳನ್ನು ಇಟ್ಟುಕೊಂಡು ಬರಹ ಬರೆಯುವುದು. ಬೋರ್‌ವೆಲ್ ಕೊರೆಸುವ ಮೊದಲು ನೀರು ನೋಡುವವರನ್ನು ಕರೆಸುತ್ತೇವಲ್ಲ, ಹಾಗೆ. ಒಂದು ವ್ಯತ್ಯಾಸವಿದೆ. ಇಲ್ಲಿ ಲೆಕ್ಕ ಕೈಗೆ ಸಿಗುತ್ತದೆ.

ಈ ಉಪಾಯದ ಇತಿಹಾಸ ಹುಡುಕುತ್ತಾ ಹೋದ ನಮಗೆ ಅದು ಗೂಗಲ್‌ಗಿಂತ ಹಲವು ದಶಕ ಹಳೆಯದು ಎಂದು ತಿಳಿಯಿತು.

ಐದು ಸೆಂಟಿನ ಪುಸ್ತಕಗಳು

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಗಿರಾರ್ಡ್ ಎಂಬ ಸಣ್ಣ ಊರು. ಅಲ್ಲಿ 1919ರಲ್ಲಿ ಇಮ್ಯಾನ್ಯುಯೆಲ್ ಹಾಲ್ಡ್‌ಮನ್-ಜೂಲಿಯಸ್ ಎಂಬವರು ಅಂಗಿ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕ ಪುಸ್ತಕಗಳನ್ನು ಅಚ್ಚು ಹಾಕಲು ಶುರು ಮಾಡಿದರು. ಮುಂದೆ ಬೆಲೆ ಐದು ಸೆಂಟಿಗೆ ಇಳಿಯಿತು. ಲಿಟಲ್ ಬ್ಲೂ ಬುಕ್ಸ್ ಎಂದು ಅವು ಹೆಸರಾದವು.

ಮಾರಾಟ ಅಂಚೆಯಲ್ಲಿ. ಪತ್ರಿಕೆಯ ಪುಟದ ತುಂಬಾ ಪುಸ್ತಕಗಳ ಹೆಸರು, ಪ್ರತಿ ಹೆಸರಿಗೂ ಒಂದು ನಂಬರು. ಚಿತ್ರವಿಲ್ಲ, ವರ್ಣನೆಯಿಲ್ಲ. ಓದುಗ ಬೇಕಾದ ನಂಬರು ಬರೆದು ದುಡ್ಡು ಕಳಿಸಬೇಕು. ಬೆಲೆ ಎಲ್ಲಕ್ಕೂ ಒಂದೇ, ಗಾತ್ರವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಂದು ಪುಸ್ತಕ ಹೆಚ್ಚು ಹೋಗಿ ಇನ್ನೊಂದು ಕಡಿಮೆ ಹೋದರೆ ಅದಕ್ಕೆ ವಿಷಯ ಮತ್ತು ಹೆಸರು ಬಿಟ್ಟರೆ ಬೇರೆ ಕಾರಣ ಹುಡುಕುವುದು ಕಷ್ಟ.

ಹಾಲ್ಡ್‌ಮನ್-ಜೂಲಿಯಸ್ ಈ ಲೆಕ್ಕವನ್ನು ಹಿಡಿದುಕೊಂಡರು. ವರ್ಷಕ್ಕೆ 10,000 ಪ್ರತಿ ಹೋಗದ ಪುಸ್ತಕವನ್ನು ಅವರು "ಆಸ್ಪತ್ರೆ"ಗೆ ಸೇರಿಸುತ್ತಿದ್ದರು. ಅಂದರೆ ಹೆಸರು ಬದಲಿಸಿ ಮತ್ತೆ ಬಿಡುವುದು. ಫ್ರೆಂಚ್ ಲೇಖಕ ಗೋತಿಯೆ ಬರೆದ ಕಥೆಯೊಂದು "ಚಿನ್ನದ ಉಣ್ಣೆ" ಎಂಬರ್ಥದ ಹೆಸರಿನಲ್ಲಿ 1925ರಲ್ಲಿ 6,000 ಪ್ರತಿ ಹೋಗಿತ್ತು. "ಹೊಂಬಣ್ಣದ ಕೂದಲಿನ ಪ್ರೇಯಸಿಯ ಹುಡುಕಾಟ" ಎಂಬರ್ಥದ ಹೆಸರು ಕೊಟ್ಟರು. 1926ರಲ್ಲಿ 50,000 ಪ್ರತಿ ಹೋಯಿತು. ಒಳಗಿನ ಕಥೆ ಅದೇ.

ಈ ಅನುಭವಗಳನ್ನೆಲ್ಲ ಅವರು 1928ರಲ್ಲಿ ಒಂದು ಪುಸ್ತಕವಾಗಿಯೇ ಬರೆದರು. ಅದಕ್ಕೂ ಐದು ವರ್ಷ ಮೊದಲು, 1923ರಲ್ಲಿ, ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತು ಬರಹಗಾರ ಇದೇ ದಾರಿಯ ಬಗ್ಗೆ ಇನ್ನೊಂದು ಪುಸ್ತಕ ತಂದಿದ್ದರು. ಪತ್ರಿಕೆಯ ಜಾಹೀರಾತಿನ ಮೂಲೆಯಲ್ಲಿ ಕತ್ತರಿಸಿ ಕಳಿಸುವ ಕೂಪನ್ ಇರುತ್ತಿತ್ತು. ಪ್ರತಿ ಜಾಹೀರಾತಿನ ಕೂಪನ್‌ಗೂ ಬೇರೆ ಬೇರೆ ಗುರುತು. ಯಾವ ಗುರುತಿನ ಕೂಪನ್ ಎಷ್ಟು ವಾಪಸು ಬಂತು ಎಂದು ಎಣಿಸಿದರೆ ಯಾವ ಸಾಲು ಕೆಲಸ ಮಾಡಿತು ಎಂದು ತಿಳಿಯುತ್ತದೆ. ಇಂಥ ಗುರುತಿಗೆ ಆಗಿನ ಅಮೆರಿಕದ ಜಾಹೀರಾತಿನವರು ಕೀ ಅನ್ನುತ್ತಿದ್ದರು. ತೋಚಿದ್ದನ್ನು ಬರೆಯಬೇಡಿ, ಎಣಿಸಿ ಬರೆಯಿರಿ ಎಂಬುದು ಹಾಪ್ಕಿನ್ಸ್ ಅವರ ಮಾತಿನ ಸಾರ.

ಆದರೆ ಎಣಿಕೆಗೆ ತಿಂಗಳುಗಳು ಬೇಕಿತ್ತು. ಪತ್ರಿಕೆ ಅಚ್ಚಾಗಬೇಕು, ಕೂಪನ್ ಕತ್ತರಿಸಬೇಕು, ಅಂಚೆ ಬರಬೇಕು. ಇನ್ನೂ ಒಂದು ಕೊರತೆಯಿತ್ತು. ಜನ ತಾವಾಗಿಯೇ ಯಾವ ಪದ ಬಳಸುತ್ತಾರೆ ಎಂದು ಕೂಪನ್ ಹೇಳುತ್ತಿರಲಿಲ್ಲ. ಬರಹಗಾರ ಕೊಟ್ಟ ಎರಡು ಮೂರು ಸಾಲುಗಳಲ್ಲಿ ಯಾವುದು ಮೇಲು ಎಂದಷ್ಟೇ ಹೇಳುತ್ತಿತ್ತು.

ಪದಕ್ಕೆ ಹರಾಜು

ಜನರ ಬಾಯಿಂದಲೇ ಪದ ಬರುವ ಕಾಲ 1990ರ ದಶಕದಲ್ಲಿ ಬಂತು. ಇಂಟರ್ನೆಟ್‌ನಲ್ಲಿ ಹುಡುಕುವ ಪೆಟ್ಟಿಗೆ ಬಂದ ಮೇಲೆ ಕೋಟ್ಯಂತರ ಜನ ತಮಗೆ ಬೇಕಾದ್ದನ್ನು ತಮ್ಮದೇ ಪದಗಳಲ್ಲಿ ಬರೆಯತೊಡಗಿದರು.

1998ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಎಂಬ ಉದ್ಯಮಿ ಗೋಟು ಡಾಟ್ ಕಾಮ್ ಎಂಬ ಹುಡುಕು ತಾಣ ತೆರೆದರು. ಅದರ ನಿಯಮ ನಮ್ಮ ಎಪಿಎಂಸಿ ಹರಾಜಿನಂತೆ ನೇರ. ಒಂದು ಪದಕ್ಕೆ ಯಾರು ಹೆಚ್ಚು ಕೂಗುತ್ತಾರೋ ಅವರ ಕೊಂಡಿ ಮೇಲೆ. ಕೂಗು ಒಂದು ಸೆಂಟಿನಿಂದ ಶುರು. ಯಾರಾದರೂ ಕೊಂಡಿ ಒತ್ತಿದರೆ ಮಾತ್ರ ದುಡ್ಡು, ಬರೀ ಕಂಡದ್ದಕ್ಕೆ ಇಲ್ಲ. ಯಾರು ಎಷ್ಟು ಕೂಗಿದ್ದಾರೆ ಎಂಬುದನ್ನೂ ಫಲಿತಾಂಶದ ಪಕ್ಕದಲ್ಲೇ ಬರೆದಿರುತ್ತಿತ್ತು.

ದುಡ್ಡು ಕೊಟ್ಟವರನ್ನು ಮೇಲೆ ಕೂರಿಸುವ ತಾಣವೇ ಎಂದು ಹಲವರು ಮೂಗು ಮುರಿದರು. ಅದೇ 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್, ತಮ್ಮ ಹೊಸ ಹುಡುಕು ಯಂತ್ರದ ಬಗ್ಗೆ ಪ್ರಬಂಧ ಬರೆದಿದ್ದರು. ಜಾಹೀರಾತಿನ ದುಡ್ಡಿನಲ್ಲಿ ಬದುಕುವ ಹುಡುಕು ಯಂತ್ರ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂಬ ಎಚ್ಚರಿಕೆ ಅದರಲ್ಲಿತ್ತು. ಅವರು ಕಟ್ಟಿದ ಕಂಪನಿಯೇ ಗೂಗಲ್. ಮುಂದೆ ಅದು ಬದುಕಿದ್ದು ಯಾವ ದುಡ್ಡಿನಲ್ಲಿ ಎಂದು ನಿಮಗೆ ಗೊತ್ತೇ ಇದೆ.

ಗೋಟು 2001ರಲ್ಲಿ ಓವರ್ಚರ್ ಎಂದು ಹೆಸರು ಬದಲಿಸಿಕೊಂಡಿತು. 2003ರಲ್ಲಿ ಯಾಹೂ ಅದನ್ನು ಸುಮಾರು 160 ಕೋಟಿ ಡಾಲರಿಗೆ ಕೊಂಡಿತು. ನಮ್ಮ ಕಥೆಗೆ ಮುಖ್ಯವಾದದ್ದು ಓವರ್ಚರ್ ಇಟ್ಟಿದ್ದ ಒಂದು ಸಣ್ಣ ಸಲಕರಣೆ. ಒಂದು ಪದ ಬರೆದರೆ, ಅದಕ್ಕೆ ಹತ್ತಿರದ ಪದಗಳನ್ನು ಕಳೆದ ತಿಂಗಳು ಎಷ್ಟು ಸಲ ಹುಡುಕಲಾಗಿತ್ತು ಎಂದು ಅದು ತೋರಿಸುತ್ತಿತ್ತು. ಜಾಹೀರಾತುದಾರರು ಯಾವ ಪದಕ್ಕೆ ಕೂಗಬೇಕೆಂದು ತಿಳಿಯಲಿ ಎಂದು ಇಟ್ಟದ್ದು ಅದು. ಆದರೆ ಜಾಹೀರಾತು ಕೊಡದವರೂ ಬಂದು ನೋಡಿದರು. ಪುಸ್ತಕದಂಗಡಿಯವರು, ವೆಬ್‌ಸೈಟ್ ಬರೆಯುವವರು ಆ ಪಟ್ಟಿ ಇಟ್ಟುಕೊಂಡು ತಮ್ಮ ಪುಟಗಳ ತಲೆಬರಹ ತಿದ್ದಿದರು. ಜಾಹೀರಾತಿನ ಲೆಕ್ಕ ದುಡ್ಡಿಲ್ಲದ ಬರಹಕ್ಕೆ ದಾರಿ ತೋರಿಸಿದ್ದು ಹೀಗೆ.

ಒತ್ತಿದವರ ಲೆಕ್ಕ

ಗೂಗಲ್ ತನ್ನ ಆಡ್‌ವರ್ಡ್ಸ್ ಎಂಬ ಜಾಹೀರಾತು ವ್ಯವಸ್ಥೆಯನ್ನು 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ಶುರು ಮಾಡಿತು. ಮೊದಲಿಗೆ ಎಷ್ಟು ಸಲ ಕಂಡಿತು ಎಂಬುದರ ಮೇಲೆ ದುಡ್ಡು. 2002ರಲ್ಲಿ ಅದನ್ನು ಬದಲಿಸಿ, ಒತ್ತಿದರೆ ಮಾತ್ರ ದುಡ್ಡು ಎಂದು ಮಾಡಿದರು. ಹರಾಜಿನ ನಿಯಮಕ್ಕೂ ಒಂದು ತಿರುವು ಕೊಟ್ಟರು. ಹೆಚ್ಚು ಕೂಗಿದವರೇ ಮೇಲೆ ಎಂಬುದು ಹೋಯಿತು. ಕೂಗಿದ ದುಡ್ಡು ಮತ್ತು ಜನ ಒತ್ತುವ ಪ್ರಮಾಣ, ಎರಡನ್ನೂ ಸೇರಿಸಿ ಸ್ಥಾನ ಕೊಡುವುದು ಬಂತು.

ಇದರ ಪರಿಣಾಮ ನೋಡಿ. ಟ್ರ್ಯಾಕ್ಟರ್ ಎಂದು ಹುಡುಕುವವರ ಮುಂದೆ ಸೀರೆಯ ಜಾಹೀರಾತು ಇಟ್ಟರೆ ಯಾರೂ ಒತ್ತುವುದಿಲ್ಲ. ಎಷ್ಟು ದುಡ್ಡು ಕೂಗಿದರೂ ಅದು ಕೆಳಗೆ ಇಳಿಯುತ್ತದೆ. ಪದಕ್ಕೂ ಸರಕಿಗೂ ಹೊಂದಿಕೆ ಇದೆಯೇ ಎಂದು ಜನರ ಬೆರಳೇ ತೀರ್ಪು ಕೊಡುವಂತಾಯಿತು. ಗಿರಾರ್ಡ್‌ನ ಪುಸ್ತಕದವರಿಗೆ ಒಂದು ವರ್ಷ ಹಿಡಿಯುತ್ತಿದ್ದ ಉತ್ತರ ಈಗ ವಾರದಲ್ಲಿ ಬರತೊಡಗಿತು.

ಇನ್ನೊಂದು ಅನುಕೂಲವೂ ಬಂತು. ಜಾಹೀರಾತುದಾರ ಕೊಟ್ಟ ಪದ ಬೇರೆ, ಹುಡುಕುವವರು ನಿಜಕ್ಕೂ ಹೊಡೆದ ಪದ ಬೇರೆ ಇರುತ್ತದೆ. "ಹಸು" ಎಂಬ ಪದಕ್ಕೆ ನೀವು ಜಾಹೀರಾತು ಕೊಟ್ಟರೆ, "ಹಸು ಸಾಲ", "ಹಸು ಕೆಚ್ಚಲು ಬಾವು", "ಹಸು ಮಾರಾಟಕ್ಕಿದೆ" ಎಂದು ಹುಡುಕಿದವರಿಗೂ ಅದು ಕಾಣಬಹುದು. ಅವರು ಹೊಡೆದ ಪೂರ್ತಿ ಸಾಲು ಜಾಹೀರಾತುದಾರನ ವರದಿಯಲ್ಲಿ ಬರುತ್ತದೆ. ಇದಕ್ಕೆ ಸರ್ಚ್ ಟರ್ಮ್ಸ್ ವರದಿ ಎಂದು ಹೆಸರು. ಬರೆಯುವವರಿಗೆ ಇದೇ ಬಂಗಾರ. ನಮಗೆ ಹೊಳೆದೇ ಇರದ ಪದ, ನಾವು ಊಹಿಸದ ಪ್ರಶ್ನೆ ಅಲ್ಲಿ ಸಿಗುತ್ತದೆ. ಪ್ರತಿದಿನದ ಹುಡುಕಾಟಗಳಲ್ಲಿ ಸುಮಾರು 15% ಹಿಂದೆಂದೂ ಬಂದಿರದಂಥವು ಎಂದು ಗೂಗಲ್ ಹೇಳುತ್ತಾ ಬಂದಿದೆ. ಕೂತಲ್ಲೇ ಊಹಿಸಿ ಪಟ್ಟಿ ಮಾಡುವವರು ಎಂದಿಗೂ ಹಿಂದೆ ಬೀಳುವುದು ಇದಕ್ಕೇ.

ಈ ಉಪಾಯಕ್ಕೆ ಪ್ರಸಿದ್ಧ ಉದಾಹರಣೆ ಒಂದು ಪುಸ್ತಕದ್ದು. ಅಮೆರಿಕದ ಟಿಮ್ ಫೆರಿಸ್ ತಮ್ಮ ಮೊದಲ ಪುಸ್ತಕಕ್ಕೆ ಹೆಸರು ಹುಡುಕುತ್ತಿದ್ದರು. ಐದಾರು ಹೆಸರುಗಳನ್ನು ಗೂಗಲ್ ಜಾಹೀರಾತುಗಳ ತಲೆಬರಹವಾಗಿ ಹಾಕಿದರು. ಒಂದು ವಾರ, 200 ಡಾಲರಿಗಿಂತ ಕಡಿಮೆ ಖರ್ಚು. ಜನ ಹೆಚ್ಚು ಒತ್ತಿದ್ದು "ವಾರಕ್ಕೆ ನಾಲ್ಕು ಗಂಟೆ ದುಡಿಮೆ" ಎಂಬರ್ಥದ ಹೆಸರನ್ನು. ಆ ಹೆಸರಿನಲ್ಲೇ 2007ರಲ್ಲಿ ಪುಸ್ತಕ ಬಂತು, ಭಾರಿ ಮಾರಾಟವಾಯಿತು. ಹಾಲ್ಡ್‌ಮನ್-ಜೂಲಿಯಸ್ ಅಚ್ಚು ಹಾಕಿದ ಮೇಲೆ ಮಾಡಿದ ಕೆಲಸವನ್ನು ಇವರು ಅಚ್ಚಿಗೆ ಮೊದಲೇ ಮಾಡಿದರು.

ಬಿಟ್ಟಿ ಕಿಟಕಿ ಮುಚ್ಚಿತು

2011ರ ತನಕ ಜಾಹೀರಾತು ಕೊಡದವರಿಗೂ ಒಂದು ಕಿಟಕಿ ತೆರೆದಿತ್ತು. ಗೂಗಲ್‌ನಲ್ಲಿ ಹುಡುಕಿ ನಿಮ್ಮ ತಾಣಕ್ಕೆ ಯಾರಾದರೂ ಬಂದರೆ, ಅವರು ಹೊಡೆದ ಪದವನ್ನು ಅವರ ಬ್ರೌಸರ್ ತಾನಾಗಿಯೇ ನಿಮಗೆ ತಿಳಿಸುತ್ತಿತ್ತು. ಬಸ್ಸಿನಿಂದ ಇಳಿದವರು ಯಾವ ಊರಿಂದ ಬಂದೆವೆಂದು ಟಿಕೆಟ್ ತೋರಿಸಿದಂತೆ. ಗೂಗಲ್ 2005ರಲ್ಲಿ ಉಚಿತವಾಗಿ ಕೊಟ್ಟ ಅನಲಿಟಿಕ್ಸ್ ಎಂಬ ಸಲಕರಣೆಯಲ್ಲಿ ಈ ಪದಗಳೆಲ್ಲ ಪಟ್ಟಿಯಾಗಿ ಸಿಗುತ್ತಿದ್ದವು.

2011ರ ಅಕ್ಟೋಬರ್‌ನಲ್ಲಿ ಗೂಗಲ್ ಒಂದು ಬದಲಾವಣೆ ಪ್ರಕಟಿಸಿತು. ತನ್ನಲ್ಲಿ ಲಾಗಿನ್ ಆಗಿ ಹುಡುಕುವವರ ಸಂಪರ್ಕವನ್ನು ಗೂಢಲಿಪಿಗೆ ಬದಲಿಸುತ್ತೇವೆ, ಅವರು ಹುಡುಕಿದ ಪದ ಇನ್ನು ತಾಣಗಳಿಗೆ ಹೋಗುವುದಿಲ್ಲ ಎಂದಿತು. ಕಾರಣ ಬಳಕೆದಾರರ ಖಾಸಗಿತನ. ಕಾರಣ ಒಳ್ಳೆಯದೇ. ಜನ ತಮ್ಮ ಕಾಯಿಲೆ, ಸಾಲ, ಮನೆ ಜಗಳ ಎಲ್ಲವನ್ನೂ ಆ ಪೆಟ್ಟಿಗೆಗೆ ಹೇಳುತ್ತಾರೆ, ಅದು ಕಂಡವರಿಗೆಲ್ಲ ತಿಳಿಯಬಾರದು.

ಆದರೆ ಒಂದು ವಿನಾಯಿತಿ ಇತ್ತು. ಬಂದವರು ಜಾಹೀರಾತು ಒತ್ತಿ ಬಂದಿದ್ದರೆ, ಅವರು ಹೊಡೆದ ಪದ ಜಾಹೀರಾತುದಾರನಿಗೆ ಮುಂಚಿನಂತೆಯೇ ಸಿಗುತ್ತಿತ್ತು. ದುಡ್ಡಿಲ್ಲದ ಕೊಂಡಿ ಒತ್ತಿ ಬಂದರೆ ಮಾತ್ರ ಗುಟ್ಟು. ಖಾಸಗಿತನದ ಮಾತು ನಿಜವಾದರೆ ದುಡ್ಡು ಕೊಟ್ಟವರಿಗೆ ಬೇರೆ ನ್ಯಾಯ ಏಕೆ ಎಂದು ಆಗ ಬಹಳ ಜನ ಕೇಳಿದರು. ಆ ಪ್ರಶ್ನೆಯಲ್ಲಿ ತೂಕವಿದೆ ಎಂದೇ ನಮಗೂ ಅನ್ನಿಸುತ್ತದೆ.

2013ರ ಸೆಪ್ಟೆಂಬರ್ ಹೊತ್ತಿಗೆ ಲಾಗಿನ್ ಇರಲಿ ಬಿಡಲಿ, ಎಲ್ಲ ಹುಡುಕಾಟಗಳಿಗೂ ಇದೇ ನಿಯಮ ಬಂತು. ಪದಗಳ ಪಟ್ಟಿ ಇದ್ದ ಜಾಗದಲ್ಲಿ "ಒದಗಿಸಿಲ್ಲ" ಎಂಬರ್ಥದ ಒಂದೇ ಸಾಲು ಉಳಿಯಿತು. ಜಾಹೀರಾತು ಒತ್ತಿ ಬಂದವರ ಪದವೂ ತಾಣಕ್ಕೆ ನೇರವಾಗಿ ಹೋಗುವುದನ್ನು 2014ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಆಡ್‌ವರ್ಡ್ಸ್ ಒಳಗಿನ ವರದಿ ಮಾತ್ರ ಉಳಿದುಕೊಂಡಿತು.

ಜಾಹೀರಾತು ಹಾಕಿ ಪದ ಕಲಿಯುವ ಉಪಾಯ ಮೊದಲು ಚುರುಕು ಬುದ್ಧಿಯವರ ಆಟವಾಗಿತ್ತು. ಈಗ ಅದು ಅನಿವಾರ್ಯವಾಯಿತು. ಯಾವ ಪದ ಹೊಡೆದವರು ಕೊಂಡರು, ಯಾವ ಪದ ಹೊಡೆದವರು ಸುಮ್ಮನೆ ನೋಡಿ ಹೋದರು ಎಂಬ ಲೆಕ್ಕ ನೇರವಾಗಿ ಸಿಗುವ ಜಾಗ ಜಾಹೀರಾತಿನ ಖಾತೆಯೊಂದೇ ಆಯಿತು.

ಇಬೇ ಕಲಿತ ಪಾಠ

ಜಾಹೀರಾತಿನ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಾರದು ಎಂದು ತೋರಿಸಿದ ಪ್ರಯೋಗವೂ ಇದೇ ಕಾಲದ್ದು. ಇಬೇ ಎಂಬ ಅಮೆರಿಕದ ಮಾರಾಟ ತಾಣ ತನ್ನದೇ ಹೆಸರಿನ ಮೇಲೆ ಜಾಹೀರಾತು ಕೊಡುತ್ತಿತ್ತು. ಅಂದರೆ "ಇಬೇ" ಎಂದು ಹುಡುಕುವವರಿಗೂ ಜಾಹೀರಾತು ತೋರಿಸಿ ದುಡ್ಡು ಕಟ್ಟುತ್ತಿತ್ತು. ಒತ್ತಿದವರು ಬಹಳ, ಲೆಕ್ಕದಲ್ಲಿ ಬಹಳ ಲಾಭ.

ಅಲ್ಲಿನ ಮೂವರು ಅರ್ಥಶಾಸ್ತ್ರಜ್ಞರು, ಬ್ಲೇಕ್, ನೋಸ್ಕೊ ಮತ್ತು ಟಡೆಲಿಸ್, 2012ರಲ್ಲಿ ಮೈಕ್ರೊಸಾಫ್ಟ್‌ನ ಹುಡುಕು ಯಂತ್ರದಲ್ಲಿ ಆ ಜಾಹೀರಾತು ನಿಲ್ಲಿಸಿ ನೋಡಿದರು. ಜಾಹೀರಾತಿನಿಂದ ಬರುತ್ತಿದ್ದವರಲ್ಲಿ 99.5% ಕೆಳಗಿನ ದುಡ್ಡಿಲ್ಲದ ಕೊಂಡಿ ಒತ್ತಿ ಬಂದೇ ಬಂದರು. ತನ್ನ ಮನೆಗೇ ಬರುತ್ತಿದ್ದ ನೆಂಟರಿಗೆ ಆಟೋ ಬಾಡಿಗೆ ಕೊಟ್ಟಂತಾಗಿತ್ತು. ಈ ಅಧ್ಯಯನ 2015ರಲ್ಲಿ ಅರ್ಥಶಾಸ್ತ್ರದ ದೊಡ್ಡ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಗೂಗಲ್‌ನ ಸ್ವಂತ ಸಂಶೋಧಕರು ಮಾತ್ರ 2011ರಲ್ಲಿ ಬೇರೆಯೇ ಲೆಕ್ಕ ಕೊಟ್ಟಿದ್ದರು. ಜಾಹೀರಾತು ನಿಲ್ಲಿಸಿದರೆ ಅದರಿಂದ ಬರುವ ಒತ್ತುವಿಕೆಯಲ್ಲಿ ಸರಾಸರಿ 89% ಬೇರೆ ದಾರಿಯಿಂದ ತುಂಬಿಬರುವುದಿಲ್ಲ ಎಂದು.

ಎರಡೂ ಒಂದೇ ಪದದ ಬಗ್ಗೆ ಹೇಳಿದ ಮಾತಲ್ಲ. ನಿಮ್ಮ ಹೆಸರು ಹಿಡಿದೇ ಹುಡುಕುವವರು ಹೇಗೂ ಬರುತ್ತಾರೆ. ನಿಮ್ಮ ಹೆಸರು ಗೊತ್ತಿಲ್ಲದೆ, ಬೇಕಾದ ವಸ್ತುವಿನ ಹೆಸರಷ್ಟೇ ಗೊತ್ತಿರುವವರನ್ನು ತಲುಪುವುದೇ ಕಷ್ಟ. ಪದ ಕಲಿಯಲು ದುಡ್ಡು ಹಾಕುವುದಾದರೆ ಇಂಥವರ ಪದಗಳ ಮೇಲೆ ಹಾಕಬೇಕು.

ಕೆಳಗೆ ಬಿದ್ದ ಸಣ್ಣ ಪದಗಳು

ಆಮೇಲೆ ದುಡ್ಡಿನ ಕಿಟಕಿಯೂ ಕಿರಿದಾಗುತ್ತಾ ಹೋಯಿತು. ಎಷ್ಟು ಜನ ಒಂದು ಪದ ಹುಡುಕುತ್ತಾರೆ ಎಂದು ತೋರಿಸುವ ಗೂಗಲ್‌ನ ಸಲಕರಣೆ 2013ರಲ್ಲಿ ಕೀವರ್ಡ್ ಪ್ಲ್ಯಾನರ್ ಎಂಬ ಹೊಸ ಹೆಸರಿನಲ್ಲಿ ಬಂತು. ನೋಡಲು ಜಾಹೀರಾತು ಖಾತೆ ಬೇಕಾಯಿತು. 2016ರಲ್ಲಿ, ಕಡಿಮೆ ಖರ್ಚು ಮಾಡುವ ಖಾತೆಗಳಿಗೆ ಸಂಖ್ಯೆಯ ಬದಲು "1,000ದಿಂದ 10,000" ಎಂಬಂಥ ಅಂದಾಜು ಮಾತ್ರ ತೋರಿಸತೊಡಗಿದರು. ಸಂತೆಯಲ್ಲಿ ಬೆಲೆ ಕೇಳಿದರೆ "ಹತ್ತರಿಂದ ನೂರು" ಎಂದಂತೆ.

2020ರ ಸೆಪ್ಟೆಂಬರ್‌ನಲ್ಲಿ ಸರ್ಚ್ ಟರ್ಮ್ಸ್ ವರದಿಗೇ ಕತ್ತರಿ ಬಿತ್ತು. ಗಣನೀಯ ಸಂಖ್ಯೆಯ ಜನ ಹುಡುಕಿದ ಪದಗಳನ್ನು ಮಾತ್ರ ತೋರಿಸುತ್ತೇವೆ ಎಂದರು. ಒಬ್ಬಿಬ್ಬರು ಹೊಡೆದ ಪದದಿಂದ ಮನುಷ್ಯನ ಗುರುತು ಸಿಗಬಾರದು ಎಂಬುದು ಇದಕ್ಕೂ ಕೊಟ್ಟ ಕಾರಣ. ಆ ಒಬ್ಬಿಬ್ಬರು ಒತ್ತಿದ್ದಕ್ಕೆ ಜಾಹೀರಾತುದಾರ ದುಡ್ಡು ಕಟ್ಟುವುದು ತಪ್ಪಲಿಲ್ಲ. ಯಾವ ಪದಕ್ಕೆ ಕಟ್ಟಿದೆ ಎಂಬುದು ಮಾತ್ರ ಕಾಣದಾಯಿತು.

ನಮ್ಮಂಥವರಿಗೆ ತಟ್ಟುವುದು ಇಲ್ಲೇ. ಜರಡಿ ಹಿಡಿದರೆ ದಪ್ಪ ಕಾಳು ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ಕೋಟಿ ಜನ ಹುಡುಕುವ ಇಂಗ್ಲಿಷ್ ಪದ ಮೇಲೆ ನಿಲ್ಲುತ್ತದೆ. ಎರಡು ತಾಲ್ಲೂಕಿನ ಜನ ಮಾತ್ರ ಬಳಸುವ ಕನ್ನಡದ ಪದ ಕೆಳಗೆ ಬೀಳುತ್ತದೆ. ಅದರಲ್ಲೂ ಕನ್ನಡದ ಒಂದು ಪದವನ್ನು ಕೆಲವರು ಕನ್ನಡ ಲಿಪಿಯಲ್ಲಿ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಒಬ್ಬೊಬ್ಬರು ಒಂದೊಂದು ಥರ ಹೊಡೆಯುತ್ತಾರೆ. ಒಂದೇ ಪದ ನಾಲ್ಕು ಚೂರಾಗಿ, ಪ್ರತಿ ಚೂರೂ ಜರಡಿಯ ಕಣ್ಣಿಗಿಂತ ಸಣ್ಣದಾಗುತ್ತದೆ.

ವರದಿಯಲ್ಲಿ ಕಾಣದ ಪದವನ್ನು ಬರೆಯುವವರು ಬಿಡುತ್ತಾರೆ. ಬರೆಯುವವರು ಬಿಟ್ಟ ಪದದಲ್ಲಿ ಹುಡುಕಿದವರಿಗೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗದವರು ನಿಧಾನಕ್ಕೆ ತಮ್ಮ ಪದ ಬಿಟ್ಟು ಪೇಟೆಯ ಪದಕ್ಕೆ ಬರುತ್ತಾರೆ. ಗೋವಿನಜೋಳ ಎಂದು ಹೊಡೆದು ಏನೂ ಸಿಗದ ರೈತ ಮುಂದಿನ ಸಲ ಮೆಕ್ಕೆಜೋಳ ಎಂದೇ ಹೊಡೆಯುತ್ತಾನೆ. ಆಗ ಲೆಕ್ಕದಲ್ಲಿ ಗೋವಿನಜೋಳ ಇನ್ನೂ ಸಣ್ಣದಾಗುತ್ತದೆ. ಲೆಕ್ಕವನ್ನೇ ನಂಬಿ ನಡೆದರೆ ಲೆಕ್ಕವೇ ನಮ್ಮ ಮಾತನ್ನು ತಿದ್ದಿಬಿಡುತ್ತದೆ.

ಇದಕ್ಕೆ ಎದುರಾಗಿ ಹರಿಯುವ ನೀರೂ ಇದೆ. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡವೂ ಸೇರಿ ಭಾರತದ ಇನ್ನೂ 8 ಭಾಷೆಗಳಿಗೆ ಧ್ವನಿಯಲ್ಲಿ ಹುಡುಕುವ ಸೌಲಭ್ಯ ಕೊಟ್ಟಿತು. ಬರೆಯಲು ಬಾರದವರೂ ಮೈಕ್ ಒತ್ತಿ ಮಾತಾಡುತ್ತಾರೆ. ಬಾಯಿಗೆ ಬರುವುದು ಊರಿನ ಪದವೇ.

ಸಣ್ಣ ಕೈಗೆ ಎಟಕುವಷ್ಟು

ಈ ಇತಿಹಾಸದಿಂದ ಹಳ್ಳಿಯ ಒಬ್ಬ ಮಾರಾಟಗಾರನಿಗೆ, ಒಂದು ಸ್ವಸಹಾಯ ಸಂಘಕ್ಕೆ ಏನು ಉಪಯೋಗ? ಒಂದು ಉದಾಹರಣೆ ಇಟ್ಟುಕೊಳ್ಳೋಣ.

ಒಂದು ಸಂಘ ಬೆಲ್ಲ ಮಾಡುತ್ತದೆ ಅಂದುಕೊಳ್ಳಿ. ಫೋನ್ ನಂಬರು ಇರುವ ಒಂದು ಪುಟ ಅವರಿಗಿದೆ. ಪುಟದ ತಲೆಗೆ ಏನು ಬರೆಯಬೇಕು? ಸಾವಯವ ಬೆಲ್ಲ, ಕೆಮಿಕಲ್ ಇಲ್ಲದ ಬೆಲ್ಲ, ಆಲೆಮನೆ ಬೆಲ್ಲ, ಆರ್ಗ್ಯಾನಿಕ್ ಜಾಗರಿ. ನಾಲ್ಕೂ ಒಂದೇ ಸರಕು. ಗೂಗಲ್ ಆಡ್ಸ್‌ನಲ್ಲಿ ಇಂಥ ಊರಿನ ಸುತ್ತ ಇಷ್ಟು ಕಿಲೋಮೀಟರಿನೊಳಗೆ ಮಾತ್ರ ಕಾಣಲಿ ಎಂದು ಹೇಳಬಹುದು. ದಿನಕ್ಕೆ ಸರಾಸರಿ ಇಷ್ಟು ಖರ್ಚು ಎಂದು ಮಿತಿ ಹಾಕಬಹುದು.

ಲೆಕ್ಕ ಸುಲಭವಾಗಲೆಂದು ಒಂದು ಒತ್ತಿಗೆ 5 ರೂಪಾಯಿ ಎಂದು ಇಟ್ಟುಕೊಳ್ಳೋಣ. ಪದಕ್ಕೆ 50 ಒತ್ತಿನಂತೆ ನಾಲ್ಕು ಪದಕ್ಕೆ 1,000 ರೂಪಾಯಿ. ಒಂದು ಪದದಿಂದ 50 ಜನ ಬಂದು 8 ಜನ ಫೋನ್ ಮಾಡಿದರು, ಇನ್ನೊಂದರಿಂದ 50 ಜನ ಬಂದು ಒಬ್ಬರೂ ಮಾಡಲಿಲ್ಲ ಎಂದರೆ ಅದರಲ್ಲಿ ಒಂದು ಸುಳಿವಿದೆ. ಒಂದರಿಂದ 10 ಜನ ಬಂದು ಇಬ್ಬರು ಮಾಡಿದರು, ಇನ್ನೊಂದರಿಂದ 10 ಜನ ಬಂದು ಒಬ್ಬರು ಮಾಡಿದರು ಎಂದರೆ ಅದು ಬರೀ ಆಕಸ್ಮಿಕ ಇರಬಹುದು. ಅಷ್ಟಕ್ಕೇ ತೀರ್ಮಾನ ಮಾಡಬಾರದು.

ನೋಡಬೇಕಾದ್ದು ಒತ್ತಿದವರ ಸಂಖ್ಯೆ ಅಲ್ಲ, ಫೋನ್ ಮಾಡಿದವರ ಸಂಖ್ಯೆ. "ಬೆಲ್ಲ ಮಾಡುವುದು ಹೇಗೆ" ಎಂದು ಹುಡುಕಿ ಬಂದವರು ಬಹಳ ಇರಬಹುದು, ಅವರು ಕೊಳ್ಳುವವರಲ್ಲ. ಅಂಥ ಪದಗಳಿಗೆ ಜಾಹೀರಾತು ಕಾಣದಂತೆ ತಡೆಯುವ ದಾರಿಯೂ ಇದೆ. ಆದರೆ ಆ ಪ್ರಶ್ನೆಯನ್ನು ಕಸಕ್ಕೆ ಎಸೆಯಬೇಡಿ. ಅದಕ್ಕೆ ಉತ್ತರವಾಗಿ ಒಂದು ಪುಟ ಬರೆದಿಟ್ಟರೆ ದುಡ್ಡಿಲ್ಲದೆ ಜನ ಬಂದು ಓದುತ್ತಾರೆ, ಸಂಘದ ಹೆಸರು ನೆನಪಿಡುತ್ತಾರೆ.

ಮೂರು ಎಚ್ಚರಿಕೆ ಹೇಳುತ್ತೇವೆ.

ಒಂದು, ಜಾಹೀರಾತು ಹಾಕಿದರೆ ಕೆಳಗಿನ ದುಡ್ಡಿಲ್ಲದ ಪಟ್ಟಿಯಲ್ಲೂ ಮೇಲೆ ಬರುತ್ತೀರಿ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಎರಡಕ್ಕೂ ಸಂಬಂಧವಿಲ್ಲ ಎಂದು ಗೂಗಲ್ ಹೇಳುತ್ತಲೇ ಬಂದಿದೆ. ಜಾಹೀರಾತಿನಿಂದ ಸಿಗುವುದು ಪದದ ತಿಳಿವಳಿಕೆ ಮಾತ್ರ.

ಎರಡು, ಜಾಹೀರಾತು ಒತ್ತುವವರು ಮತ್ತು ಕೆಳಗಿನ ಕೊಂಡಿ ಒತ್ತುವವರು ಒಂದೇ ಬಗೆಯವರಲ್ಲ. ಕೊಳ್ಳುವ ಆತುರದವರು ಜಾಹೀರಾತು ಒತ್ತುವುದು ಹೆಚ್ಚು. ಓದಿ ತಿಳಿಯಬೇಕೆನ್ನುವವರು ಕೆಳಗೆ ಹೋಗುವುದು ಹೆಚ್ಚು. ಜಾಹೀರಾತಿನಲ್ಲಿ ಗೆದ್ದ ಪದ ಬರಹದಲ್ಲೂ ಅಷ್ಟೇ ಗೆಲ್ಲುತ್ತದೆ ಎಂದು ಭರವಸೆಯಿಲ್ಲ.

ಮೂರು, ದುಡ್ಡು ಹಾಕುವ ಮೊದಲು ಬಿಟ್ಟಿ ಸಿಗುವುದನ್ನು ನೋಡಿ. ಸ್ವಂತ ತಾಣ ಇರುವವರಿಗೆ ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತ. ಯಾವ ಪದಗಳಿಗೆ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಎಂದು 16 ತಿಂಗಳ ಹಿಂದಿನ ತನಕ ಅದು ತೋರಿಸುತ್ತದೆ. ತೀರಾ ವಿರಳ ಪದಗಳನ್ನು ಅಲ್ಲೂ ಮರೆಮಾಡುತ್ತಾರೆ. ಇಷ್ಟಾದರೂ ಊಹೆಗಿಂತ ಮೇಲು.

ಜರಡಿಯಿಂದ ಕೆಳಗೆ ಬಿದ್ದ ಪದಗಳನ್ನು ಆರಿಸಿಕೊಳ್ಳುವ ಕೆಲಸ ಯಾವ ಕಂಪನಿಯೂ ಮಾಡುವುದಿಲ್ಲ. ಅದು ನಮ್ಮ ಕೆಲಸ. ಸಂಘದವರು ಫೋನ್ ಪಕ್ಕದಲ್ಲಿ ಒಂದು ನೋಟ್ ಬುಕ್ ಇಡಬಹುದು. ಕರೆ ಮಾಡಿದವರು ಸರಕಿಗೆ ಏನೆಂದು ಕರೆದರು, ಯಾವ ಊರಿನವರು, ಇಷ್ಟು ಬರೆದರೆ ಸಾಕು. ಕರೆಯವರ ಹೆಸರಾಗಲಿ ನಂಬರಾಗಲಿ ಇದಕ್ಕೆ ಬೇಕಿಲ್ಲ. ಕೃಷಿ ಕೇಂದ್ರದ ಕೌಂಟರಿನಲ್ಲಿ, ಹಾಲಿನ ಡೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಜನ ದಿನಾ ಬಂದು ತಮ್ಮದೇ ಮಾತಿನಲ್ಲಿ ಕೇಳುತ್ತಾರೆ. ಹಾಪ್ಕಿನ್ಸ್ ಕೂಪನ್ ಎಣಿಸಿದ ಹಾಗೆ ಅವನ್ನೂ ಎಣಿಸಬಹುದು.

ಈ ಬ್ಲಾಗ್‌ನಲ್ಲಿ ನಾವು ಇಟ್ಟುಕೊಂಡ ರೂಢಿಯೂ ಅದೇ. ಲೆಕ್ಕದಲ್ಲಿ ದೊಡ್ಡದಾಗಿ ಕಾಣುವ ಪದ ತಲೆಬರಹಕ್ಕೆ, ಊರೂರಿನ ಉಳಿದ ಹೆಸರುಗಳು ಮೊದಲ ಪ್ಯಾರಾಕ್ಕೆ. ಮೆಕ್ಕೆಜೋಳದ ಬಗ್ಗೆ ಬರೆದರೆ ಗೋವಿನಜೋಳವೂ ಮುಸುಕಿನ ಜೋಳವೂ ಅಲ್ಲಿರುತ್ತವೆ. ನಿಮ್ಮ ಊರಿನಲ್ಲಿ ಇವು ಮೂರೂ ಅಲ್ಲದ ನಾಲ್ಕನೆಯ ಹೆಸರಿದ್ದರೆ ಬರೆದು ಕಳಿಸಿ, ಅದನ್ನೂ ಸೇರಿಸುತ್ತೇವೆ.